ಇರಕಲ್ಲಗಡದ ಆಯಿಯ ಪದಗಳು

ನಾನು ಕೊಪ್ಪಳದ ಹೆಣ್ಣುಮಕ್ಕಳ ಸಾಲಿಯಲ್ಲಿ ಏಳನೇ ಜಮಾತು ಓದುತ್ತಿದ್ದಾಗ ಲೆಕ್ಕ, ಚರಿತ್ರೆ, ಭೂಗೋಳ ಎಲ್ಲವೂ ಉರ್ದುವಿನಲ್ಲೇ ಇದ್ದವು. ನಿಜಾಮರ ಕಾಲ ಅದು. ಕನ್ನಡಕ್ಕೆ ದಿನಕ್ಕೊಂದು ತಾಸು, ಅದೂ ಮಧ್ಯಾಹ್ನದ ಊಟವಾದ ಮೇಲೆ, ಕಣ್ಣು ಎಳೆಯುವ ಹೊತ್ತಿನಲ್ಲಿ. ಆ ತಾಸಿಗೆ ಬರುತ್ತಿದ್ದ ಅಕ್ಕೋರು ಧಾರವಾಡದ ಕಡೆಯವರು. ಸಣ್ಣ ವಯಸ್ಸಿನಲ್ಲಿ ಗಂಡ ತೀರಿಕೊಂಡ ಮೇಲೆ ಓದಿ, ಕೆಲಸ ಹುಡುಕಿಕೊಂಡು ನಮ್ಮ ಸೀಮೆಗೆ ಬಂದಿದ್ದರು. ಬಿಳಿ ಸೀರೆ ಉಟ್ಟು, ಕುರ್ಚಿಯಲ್ಲಿ ಕೂರದೆ ನಿಂತೇ ಪಾಠ ಹೇಳುತ್ತಿದ್ದರು. ಅವರ ದನಿ ದೊಡ್ಡದಲ್ಲ. ಆದರೂ ಅವರ ತಾಸಿನಲ್ಲಿ ಯಾರಿಗೂ ನಿದ್ದೆ ಬರುತ್ತಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ದಿನ ಅವರು ನಮಗೆಲ್ಲ ಒಂದು ಕೆಲಸ ಹಚ್ಚಿದರು. ಒಬ್ಬೊಬ್ಬರು ಒಬ್ಬ ಕವಿಯನ್ನು ಆರಿಸಿಕೊಳ್ಳಬೇಕು. ಅವರು ಹುಟ್ಟಿದ್ದೆಲ್ಲಿ, ಬೆಳೆದದ್ದು ಹೇಗೆ, ಏನು ಬರೆದರು, ಯಾಕೆ ಬರೆದರು ಎಂದು ತಿಳಿದುಕೊಂಡು, ಬರೆದು, ತಿಂಗಳ ಕೊನೆಯ ಶನಿವಾರ ಇಡೀ ಸಾಲಿಯ ಮುಂದೆ ನಿಂತು ಹೇಳಬೇಕು. ನಾವು ಹನ್ನೊಂದು ಮಂದಿ ಇದ್ದೆವು. ಪಾಠದ ಪುಸ್ತಕದಲ್ಲಿದ್ದ ಕವಿಗಳ ಹೆಸರನ್ನು ಮುಂದಿನ ಸಾಲಿನವರು ಒಂದೊಂದಾಗಿ ಹೇಳಿ ಮುಗಿಸಿಬಿಟ್ಟರು. ನಾನು ಕೊನೆಯ ಸಾಲಿನ ಕೊನೆಯವಳು. ನನ್ನ ಪಾಳಿ ಬಂದಾಗ ಯಾರೂ ಉಳಿದಿರಲಿಲ್ಲ.

"ನಿನಗ ಗೊತ್ತಿದ್ದವರು ಬ್ಯಾರೆ ಯಾರರ ಅದಾರೇನು?" ಎಂದು ಅಕ್ಕೋರು ಕೇಳಿದರು.

ಯೋಚಿಸದೆ ಬಾಯಿಗೆ ಬಂದದ್ದನ್ನು ಹೇಳಿದೆ. "ನಮ್ಮವ್ವ ಬೀಸೂವಾಗ ಪದ ಹಾಡ್ತಾಳ್ರಿ. ಅವನ್ನೆಲ್ಲ ಇರಕಲ್ಲಗಡದಾಗ ಒಬ್ಬಾಕಿ ಆಯಿ ಕಟ್ಟ್ಯಾಳಂತ್ರಿ."

ಹುಡುಗಿಯರು ನಕ್ಕರು. ಆಯಿ ಅಂದರೆ ನಮ್ಮಲ್ಲಿ ಅಜ್ಜಿ. ಬೀಸುವ ಕಲ್ಲಿನ ಮುಂದೆ ಕೂತ ಅಜ್ಜಿ ಕವಿಯೇ? ಅಕ್ಕೋರು ನಗಲಿಲ್ಲ. "ಆಕಿ ಇನ್ನೂ ಅದಾಳೇನು?" ಎಂದರು. ನನಗೆ ಗೊತ್ತಿರಲಿಲ್ಲ. "ಅವ್ವನ್ನ ಕೇಳಿಕೊಂಡು ಬಾ" ಎಂದರು.

ನಮ್ಮ ಮನೆಯಲ್ಲಿ ಅವ್ವ ಬೆಳಕು ಹರಿಯುವ ಮೊದಲೇ ಬೀಸಲು ಕೂರುತ್ತಿದ್ದಳು. ಊರಿಗೆ ಹಿಟ್ಟಿನ ಗಿರಣಿ ಬಂದಿತ್ತು, ಆದರೆ ಗಿರಣಿಯ ಹಿಟ್ಟು ಬಿಸಿಯಾಗಿ ರೊಟ್ಟಿಗೆ ರುಚಿ ಇರುವುದಿಲ್ಲ ಎಂದು ನಮ್ಮಪ್ಪ ಒಪ್ಪುತ್ತಿರಲಿಲ್ಲ. ಮರುದಿನ ಮುಂಜಾನೆ ನಾನೂ ಬೇಗ ಎದ್ದು ಹೋಗಿ ಅವಳ ಎದುರು ಕೂತು ಕೇಳಿದೆ. ಅವಳ ಕೈ ನಿಂತಿತು. ಕಲ್ಲು ತನ್ನಷ್ಟಕ್ಕೆ ಅರ್ಧ ಸುತ್ತು ತಿರುಗಿ ನಿಂತಿತು.

"ಇದ್ದರ ಇರಬೇಕು" ಎಂದಳು. ಕಲ್ಲಿಗೆ ಕಾಳು ಹಾಕುತ್ತ, "ಹೆಂಗ ಗೊತ್ತಾಗಬೇಕು ನನಗ" ಎಂದಳು.

ಇರಕಲ್ಲಗಡ ಅವ್ವನ ತವರು. ಎತ್ತಿನ ಬಂಡಿಯಲ್ಲಿ ಮುಂಜಾನೆ ಬಿಟ್ಟರೆ ಮಧ್ಯಾಹ್ನಕ್ಕೆ ಮುಟ್ಟುವ ಊರು. ಆದರೆ ಅವಳು ಅಲ್ಲಿಗೆ ಹೋಗಿ ಐದು ವರ್ಷವಾಗಿತ್ತು. ನನ್ನ ಅಕ್ಕನನ್ನು ತನ್ನ ಮಗನಿಗೆ ಕೊಡಿ ಎಂದು ನಮ್ಮ ಮಾಮ ಕೇಳಿದ್ದ. ಅಪ್ಪ ಆಗಲೇ ಗಂಗಾವತಿಯ ಕಡೆ ಮಾತು ಕೊಟ್ಟುಬಿಟ್ಟಿದ್ದರು. ತಂಗಿಯ ಮಗಳ ಮೇಲೆ ತನಗಿದ್ದ ಹಕ್ಕನ್ನು ಕೇಳದೆ ಮುರಿದರು ಎಂದು ಮಾಮ ಮದುವೆಗೆ ಬರಲಿಲ್ಲ. ಮದುವೆಗೆ ಬರದವನ ಮನೆಯ ಹೊಸ್ತಿಲು ನಮಗೆ ಯಾಕೆ ಎಂದು ಅಪ್ಪ ನಾಗರ ಪಂಚಮಿಗೂ ಅವ್ವನನ್ನು ಕಳಿಸಲಿಲ್ಲ. ಪಂಚಮಿಗೆ ಓಣಿಯ ಹೆಂಗಸರೆಲ್ಲ ತವರಿಗೆ ಹೋದಾಗ ಅವ್ವ ಒಬ್ಬಳೇ ಉಳಿದು ಉಂಡಿ ಕಟ್ಟುತ್ತಿದ್ದಳು, ಅಳುತ್ತಿರಲಿಲ್ಲ. ಅವಳು ಬೀಸುವಾಗ ಹಾಡುವ ಪದಗಳಲ್ಲಿ ತವರಿನದೇ ಹೆಚ್ಚು ಎಂಬುದು ನನ್ನ ಗಮನಕ್ಕೆ ಬಂದದ್ದೂ ಬಹಳ ತಡವಾಗಿ.

ಅಪ್ಪನನ್ನು ಕೇಳುವ ಧೈರ್ಯ ನನಗಿರಲಿಲ್ಲ. ಅಕ್ಕೋರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಸಂಜೆ ನಾನು ಬಜಾರದ ನಮ್ಮ ಅರಿವೆ ಅಂಗಡಿಯಲ್ಲಿ ಅಪ್ಪನಿಗೆ ಚಹಾ ಕೊಟ್ಟು ನಿಂತಿದ್ದಾಗ ಅಕ್ಕೋರು ಬಂದರು. ಅಪ್ಪ ಗಡಬಡಿಸಿ ಎದ್ದು ನಿಂತರು. ಸಾಲಿಯ ಅಕ್ಕೋರು ಅಂಗಡಿಗೆ ಬಂದದ್ದು ಅದೇ ಮೊದಲು.

"ಎರಡು ಗಜ ಬಿಳಿ ಮಲಮಲ ಕೊಡ್ರಿ" ಎಂದರು. ಅಪ್ಪ ಅರಿವೆ ಬಿಚ್ಚಿದರು. "ನಿಮ್ಮ ಮಗಳು ಒಂದು ಛಲೋ ವಿಷಯ ಹಿಡದಾಳ್ರಿ. ಅದಕ್ಕ ಆಕಿ ಇರಕಲ್ಲಗಡಕ್ಕ ಹೋಗಿ ಬರಬೇಕಾಗ್ತದ."

"ಸಾಲಿ ಕೆಲಸ ಅಂದ ಮ್ಯಾಲೆ ನಾ ಹೆಂಗ ಬ್ಯಾಡ ಅನ್ನಲ್ರಿ. ಆದರ ಹೆಣ್ಣುಕೂಸನ್ನ ಒಬ್ಬಾಕಿನ್ನ ಹೆಂಗ ಕಳಸೂದು?"

"ಒಬ್ಬಾಕಿನ್ನ ಯಾಕ್ರಿ? ತಾಯಿನ್ನ ಕೂಡ ಕಳಸ್ರಿ."

ಅಪ್ಪ ಅಳೆದ ಅರಿವೆಯನ್ನೇ ಮತ್ತೊಮ್ಮೆ ಅಳೆದರು. ಕತ್ತರಿಸಿ, ಮಡಿಚಿ ಕೊಟ್ಟರು. ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಹೇಳಿದರು, "ಎರಡು ದಿನ. ಆ ಮುದುಕಿ ಇನ್ನೂ ಅದಾಳಂತ, ಸಂತಿಗೆ ಬಂದವರು ಹೇಳಿದ್ರು. ಆಕಿ ಮನ್ಯಾಗ ಇದ್ದು ಬರ್ರಿ. ಎದುರಿಗಿರೋ ನಿಮ್ಮಣ್ಣನ ಮನಿ ಹೊಸ್ತಿಲಾ ತುಳೀಬ್ಯಾಡ್ರಿ." ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹೂಂ" ಎಂದಳು, ಅಷ್ಟೆ.

ಬಂಡಿ ಊರು ದಾಟಿದ ಮೇಲೆ ಅವ್ವ ಮುಂದೆ ಬಂದು ಕೂತಳು. ಎರಡೂ ಬದಿಗೆ ಬಿಳಿಜೋಳದ ಹೊಲ, ಆಚೆ ಬಂಡೆ ಮೇಲೆ ಬಂಡೆ ಪೇರಿಸಿಟ್ಟಂಥ ಗುಡ್ಡ. ಅವಳು ಗುಡ್ಡ ನೋಡಲಿಲ್ಲ, ಹೊಲ ನೋಡಲಿಲ್ಲ. ಹಾದಿಯ ಅಂಚನ್ನೇ ನೋಡುತ್ತಿದ್ದಳು. ಸರಕಾರದವರು ಆ ಹಾದಿಗೆ ಖಡಿ ಹಾಕಿ ಹೊಸ ಸಡಕು ಮಾಡಿದ್ದರು. ಏನು ಹುಡುಕುತ್ತೀ ಎಂದು ಕೇಳಿದರೆ, "ಏನಿಲ್ಲ" ಎಂದಳು.

ಆಯಿಯ ಮನೆ ಒಂದೇ ಅಂಕಣದ ಮಣ್ಣಿನ ಮಾಳಿಗೆ. ಅಂಗಳದಲ್ಲಿ ನಿಂತರೆ ಓಣಿಯ ಆ ಬದಿಗೆ ಮಾಮನ ಮನೆಯ ಬಾಗಿಲು, ಅದರ ಮೇಲೆ ಬಾಗಿದ ಬೇವಿನ ಗಿಡ ನೇರ ಕಾಣುತ್ತಿದ್ದವು. ಆಯಿ ಕಟ್ಟೆಯ ಮೇಲೆ ಕೂತು ತೊಗರಿ ಕೇರುತ್ತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ಅವ್ವ ಹೋಗಿ ಕಾಲು ಮುಟ್ಟಿದಾಗ ಆಯಿ ಅವಳ ಕೈ ಹಿಡಿದು, ಅಂಗೈಯನ್ನು ಬೆರಳಿನಿಂದ ಸವರಿ, "ಬಂದ್ಯಾ?" ಎಂದಳು. ನಿನ್ನೆ ಹೋದವಳನ್ನು ಕೇಳಿದ ಹಾಗೆ.

ಅವ್ವ ಆಗ ಅತ್ತಳು. ನಾನು ಅವಳು ಅಳುವುದನ್ನು ನೋಡಿದ್ದು ಅದೇ ಮೊದಲು. ಎಲ್ಲಿ ನೋಡಬೇಕೆಂದು ತಿಳಿಯದೆ ಬಂಡಿಯ ಎತ್ತುಗಳನ್ನು ನೋಡುತ್ತ ನಿಂತೆ.

ಊಟವಾದ ಮೇಲೆ ನಾನು ನೋಟ್‌ಬುಕ್ಕು ತೆಗೆದು ಅಕ್ಕೋರು ಬರೆದುಕೊಟ್ಟ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ಹುಟ್ಟಿದ ವರ್ಷ? "ಪ್ಲೇಗ್ ಬಂದು ಊರ ಮಂದಿಯೆಲ್ಲ ಹೊಲದಾಗ ಗುಡಸಲಾ ಹಾಕ್ಕೊಂಡಿದ್ದಾಗ ನನಗ ಎರಡು ಮಕ್ಕಳಾಗಿದ್ವು. ನೀನ ಲೆಕ್ಕ ಹಾಕ್ಕೊ." ಗುರುಗಳು ಯಾರು? "ಅತ್ತಿ. ಬೀಸೂದು ನಿಂತರ ಬೈತಿದ್ಳು. ಅದಕ್ಕ ಹಾಡು ಕಲತೆ, ಹಾಡಿದರ ಕೈ ನಿಲ್ಲೂದಿಲ್ಲ." ಎಷ್ಟು ಪದ ಕಟ್ಟಿದ್ದೀರಿ? ಆಯಿ ನಕ್ಕಳು. "ಎಷ್ಟು ಜ್ವಾಳ ಬೀಸೀನಿ ಅಂತ ಕೇಳಿದಂಗಾತು."

"ಒಂದು ಪದ ಹೇಳ್ರಿ, ಬರಕೋತೀನಿ" ಎಂದೆ.

ಆಯಿ ಬಾಯಿ ತೆರೆದಳು. ಒಂದು ಸಾಲು ಬಂತು, ಮುಂದೆ ಬರಲಿಲ್ಲ. ಮತ್ತೊಂದು ಹಿಡಿದಳು, ಅದೂ ನಡುವೆ ನಿಂತಿತು. "ಹಿಂಗ ಸುಮ್ಮನ ಕೂತರ ಬರೂದಿಲ್ಲವ್ವ. ಕೈಯಾಗ ಬೀಸೂ ಕಲ್ಲಿನ ಗೂಟ ಇರಬೇಕು" ಎಂದಳು. ಈಗ ಸೊಸೆ ಕಾಳನ್ನು ಗಿರಣಿಗೆ ಒಯ್ಯುತ್ತಾಳೆ, ತಾನು ಕಲ್ಲಿಗೆ ಕೂತು ಎರಡು ವರ್ಷವಾಯಿತು, ಪದಗಳೂ ಎತ್ತಲೋ ಹೋದವು ಎಂದಳು. ಬೇಸರದಿಂದ ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು.

ಹಾಗಾದರೆ ಬೀಸೋಣ ಎಂದು ಮರುದಿನ ಮುಂಜಾನೆ ನಾನೇ ಆಯಿಯ ಎದುರು ಕೂತು ಗೂಟ ಹಿಡಿದೆ. ಕಲ್ಲು ತಿರುಗಿದ್ದೇ ತಡ ಆಯಿಯ ದನಿ ಎದ್ದಿತು. ಆದರೆ ನನ್ನ ಎರಡೂ ಕೈ ಗೂಟದಲ್ಲಿದ್ದವು. ಬರೆಯಲು ಕೈ ಬಿಟ್ಟರೆ ಒಬ್ಬಳಿಗೆ ಕಲ್ಲು ಭಾರವಾಗಿ ಆಯಿ ನಿಲ್ಲುತ್ತಿದ್ದಳು, ನಿಂತರೆ ಪದ ನಿಲ್ಲುತ್ತಿತ್ತು. ಮೂರು ಸಲ ಹೀಗಾದ ಮೇಲೆ ಅವ್ವ ಬಂದು, "ಏಳು" ಎಂದಳು. ಸೆರಗು ಸೊಂಟಕ್ಕೆ ಸಿಗಿಸಿ, ಒಂದು ಕಾಲು ಚಾಚಿ, ಒಂದು ಮಡಿಚಿ ಕೂತಳು. ಅವಳು ಗೂಟ ಹಿಡಿದ ರೀತಿ ಕೊಪ್ಪಳದ ನಮ್ಮ ಮನೆಯಲ್ಲಿ ಹಿಡಿಯುವ ರೀತಿಯಲ್ಲ. ಮನೆಯಲ್ಲಿ ಅವಳ ಬೆನ್ನು ಬಾಗಿರುತ್ತಿತ್ತು. ಇಲ್ಲಿ ನೆಟ್ಟಗೆ ಕೂತಳು.

ಅವತ್ತು ಮುಂಜಾನೆ ಅವರಿಬ್ಬರೂ ಹಾಡಿದರು, ನಾನು ಬರೆದೆ. ಆಯಿ ಒಂದು ಸಾಲು ಹಿಡಿದರೆ ಅವ್ವ ಎತ್ತಿಕೊಳ್ಳುತ್ತಿದ್ದಳು. ಕೆಲವು ನನಗೆ ಬಾಯಿಪಾಠವಾಗಿದ್ದ ಪದಗಳೇ. ಅವುಗಳಲ್ಲಿ ಇದೊಂದು:

ಹಾದೀಯ ಕಲ್ಲೀಗಿ ಹೆಸರಿಟ್ಟು ಹೊಂಟೇನ
ತಿರುಗೀ ಬರುವಾಗ ಕರೆದೇನ | ಕರೆದಾರ
ಓ ಎಂದು ಎಲ್ಲ ನಗತಾವ

ಈ ಪದ ಮುಗಿದಾಗ ಆಯಿ ನನ್ನ ಕಡೆ ತಿರುಗಿ, "ಇದು ನಿಮ್ಮವ್ವಂದು" ಎಂದಳು. ಅವ್ವ ಹನ್ನೆರಡು ವರ್ಷದವಳಿದ್ದಾಗ ಗಂಡನ ಮನೆಗೆ ಹೊರಟ ದಿನ ಬಂಡಿಯಲ್ಲಿ ಕೂತು ಹಾದಿಯ ದೊಡ್ಡ ದೊಡ್ಡ ಕಲ್ಲುಗಳಿಗೆಲ್ಲ ಹೆಸರಿಡುತ್ತ ಹೋಗಿದ್ದಳಂತೆ, ತಿರುಗಿ ಬರುವಾಗ ಊರು ಎಷ್ಟು ಹತ್ತಿರ ಬಂತೆಂದು ತಿಳಿಯಲಿ ಎಂದು. ಮೊದಲ ಪಂಚಮಿಗೆ ಬಂದು ಅದನ್ನು ಹೇಳಿದಳಂತೆ. ಆಯಿ ಪದ ಮಾಡಿದಳು. ವರ್ಷಗಟ್ಟಲೆ ಆ ಪದವನ್ನು ಅವ್ವನ ಬಾಯಲ್ಲಿ ಕೇಳಿದ್ದೆ. ಅದು ತನ್ನದೇ ಎಂದು ಅವಳು ಒಮ್ಮೆಯೂ ಹೇಳಿರಲಿಲ್ಲ.

"ಈಗ ಆ ಕಲ್ಲು ಯಾವೂ ಇಲ್ಲ ಆಯಿ" ಎಂದಳು ಅವ್ವ. "ಎಲ್ಲಾ ಒಡದು ಖಡಿ ಮಾಡಿ ಸಡಕು ಹಾಕ್ಯಾರ."

ಆಯಿ ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ ಹಾಕಿದಳು. ಕಲ್ಲು ನಾಲ್ಕಾರು ಸುತ್ತು ಸುಮ್ಮನೆ ತಿರುಗಿತು. ಆಮೇಲೆ ಮೆಲ್ಲಗೆ, ದಾರಿ ತಡಕುವವಳ ಹಾಗೆ ಹಾಡಿದಳು:

ಹಾದೀಯ ಕಲ್ಲೀಗಿ ಹೆಸರಿಟ್ಟು ಹೋಗಿದ್ದೆ
ತಿರುಗೀ ಬಂದೇನ ಕರೆದೇನ | ನನ್ನವ್ವ
ಹಾದೀನ ಹೊಸದು ಮಾಡ್ಯಾರ

ಅವ್ವನ ಕೈ ನಿಂತಿತು. ಆಯಿ ಒಬ್ಬಳೇ ಒಂದು ಸುತ್ತು ಎಳೆದಳು. ನಾನು ಮೊದಲು ಬರೆದದ್ದನ್ನು ಹೊಡೆದುಹಾಕಬೇಕೋ ಬೇಡವೋ ತಿಳಿಯದೆ, "ಆಯಿ, ಎರಡರಾಗ ಖರೇದು ಯಾವುದ್ರಿ?" ಎಂದು ಕೇಳಿದೆ.

"ಮೊದಲ ಅದು ಖರೇ ಇತ್ತು. ಇವತ್ತು ಇದು" ಎಂದಳು.

ಎರಡನ್ನೂ ಬರೆದುಕೊಂಡೆ.

ಆ ಮಧ್ಯಾಹ್ನ ಎದುರಿನ ಮನೆಯಿಂದ ನಮ್ಮ ಅತ್ತೆ, ಅಂದರೆ ಮಾಮನ ಹೆಂಡತಿ, ಒಂದು ಬಟ್ಟಲು ಬೆಣ್ಣೆ ಹಿಡಿದುಕೊಂಡು ಬಂದಳು. ಅವ್ವನ ಹತ್ತಿರ ಕೂತು ಹೊತ್ತು ಮುಳುಗುವವರೆಗೆ ಮಾತಾಡಿದಳು. "ಹತ್ತು ಹೆಜ್ಜಿ ಅದ, ಬಂದು ನೀರು ಕುಡದು ಹೋಗು" ಎಂದಳು. ಅವ್ವ, "ಮಾತು ಕೊಟ್ಟು ಬಂದೀನಿ ವೈನಿ" ಎಂದಳು. ಮಾಮ ಎರಡು ಸಲ ತನ್ನ ಬಾಗಿಲಿಗೆ ಬಂದು ನಿಂತ. ಎರಡು ಸಲವೂ ಒಳಗೆ ಹೋದ.

ಮರುದಿನ ಬಂಡಿ ಹೊರಟಾಗ ಮಾಮ ಬಂದ. ಯಾರ ಕಡೆಯೂ ನೋಡದೆ ಎಡಗಡೆಯ ಎತ್ತಿನ ನೊಗದ ಹಗ್ಗ ಬಿಗಿ ಮಾಡಿ, ಬಂಡಿಯ ಪಕ್ಕ ನಡೆಯತೊಡಗಿದ. ಊರ ಅಗಸಿಬಾಗಿಲು ದಾಟಿದೆವು, ಹಳ್ಳ ದಾಟಿದೆವು. ಮಾಮ ಸಡಕು ಶುರುವಾಗುವಲ್ಲಿ ನಿಂತ. "ಹಾದಿ ಛಲೋ ಆಗೈತಿ" ಎಂದ. "ಈಗ ಬಂಡಿ ಕುಲುಕೂದಿಲ್ಲ." ಅವ್ವ, "ಹೌದಪ್ಪ" ಎಂದಳು. ಬಂಡಿ ತಿರುವು ದಾಟುವವರೆಗೂ ಅವನು ಅಲ್ಲೇ ಇದ್ದ.

ಶನಿವಾರ ಬಂತು. ಉಳಿದ ಹುಡುಗಿಯರು ತಮ್ಮ ತಮ್ಮ ಕವಿಗಳ ಹುಟ್ಟಿದ ವರ್ಷ, ಆಶ್ರಯ ಕೊಟ್ಟ ಅರಸರು, ಗ್ರಂಥಗಳು ಎಲ್ಲವನ್ನೂ ಸರಸರ ಹೇಳಿದರು. ನನ್ನ ಕಾಗದದಲ್ಲಿ ವರ್ಷವೂ ಇರಲಿಲ್ಲ, ಅರಸನೂ ಇರಲಿಲ್ಲ. ಪ್ಲೇಗಿನ ಗುಡಿಸಲು, ಬೈಯುವ ಅತ್ತೆ, ಗಿರಣಿ, ಹತ್ತೊಂಬತ್ತು ಪದ ಇದ್ದವು. ನಡುವೆಯೇ ಒಬ್ಬ ಹುಡುಗಿ ಎದ್ದು, "ಬರಿಯಾಕ ಬರದಾಕಿ ಕವಿ ಹೆಂಗ ಆಗ್ತಾಳ್ರಿ?" ಎಂದು ಅಕ್ಕೋರನ್ನು ಕೇಳಿದಳು. ಅಕ್ಕೋರು ನನ್ನನ್ನು ನೋಡಿದರು.

ಕಲ್ಲುಗಳ ಪದವನ್ನು ಮೊದಲಿದ್ದ ಹಾಗೆ ಓದಿದೆ. ಅವ್ವ ಸಡಕಿನ ಮಾತು ಹೇಳಿದ್ದನ್ನು ಹೇಳಿದೆ. ಆಮೇಲೆ ಎರಡನೆಯದನ್ನು ಓದಿದೆ. ಆ ಹುಡುಗಿ ಕೂತಳು. ಅವಳಿಗೆ ಒಪ್ಪಿಗೆಯಾಯಿತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ನಮ್ಮ ಸಾಲಿಯ ಹಿರಿಯ ಅಕ್ಕೋರು ಹೈದರಾಬಾದಿನ ಮುಸಲ್ಮಾನ ಹೆಂಗಸು. ಅವರಿಗೆ ಕನ್ನಡ ಅಷ್ಟಕ್ಕಷ್ಟೆ. ನಾನು ಓದಿದ್ದು ಏನೆಂದು ಉರ್ದುವಿನಲ್ಲಿ ಕೇಳಿದರು. ನಮ್ಮ ಅಕ್ಕೋರು ತಿರುಗಿಸಿ ಹೇಳಿದರು. ಅವರು ಕೈಯಲ್ಲಿದ್ದ ಕನ್ನಡಕವನ್ನು ಮೇಜಿನ ಮೇಲಿಟ್ಟು, ತಮ್ಮ ಅಮ್ಮನೂ ಚಕ್ಕಿ ಬೀಸುತ್ತ ಹಾಡುತ್ತಿದ್ದರು, ತಾವು ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದದ್ದು ನೆನಪಿದೆ ಎಂದರು. ಒಂದು ಸಾಲನ್ನು ನೆನಪಿಸಿಕೊಳ್ಳಲು ನೋಡಿದರು. ತುಟಿ ಅಲುಗಾಡಿದವು, ಮಾತು ಹೊರಗೆ ಬರಲಿಲ್ಲ. "ಬಹುತ್ ದಿನ್ ಹೋ ಗಯೇ", ಬಹಳ ದಿನವಾದವು, ಎಂದು ಕನ್ನಡಕ ಹಾಕಿಕೊಂಡು ಮುಂದಿನ ಹುಡುಗಿಯನ್ನು ಕರೆದರು.

ಗಂಟೆ ಬಾರಿಸಿದ ಮೇಲೆ ನಮ್ಮ ಅಕ್ಕೋರು ನನ್ನ ನೋಟ್‌ಬುಕ್ಕನ್ನು ಹಾಳೆ ಹಾಳೆ ತಿರುವಿ ನೋಡಿದರು. "ಇಷ್ಟಕ್ಕ ಬಿಡಬ್ಯಾಡ. ಬ್ಯಾಸಗಿ ರಜಾದಾಗ ನಾನೂ ಬರ್ತೀನಿ. ನೀನು, ನಿಮ್ಮವ್ವ, ನಾನು ಕೂಡಿ ಹೋಗಿ ಆಕಿ ಪದ ಎಲ್ಲಾ ಬರಕೊಂಡು ಬರೋಣ" ಎಂದರು. ಮನೆಗೆ ಬಂದು ಹೇಳಿದಾಗ ಅವ್ವ ಬೇಸಿಗೆಗೆ ಇನ್ನೆಷ್ಟು ತಿಂಗಳು ಎಂದು ಬೆರಳು ಮಡಿಚಿ ಎಣಿಸಿದಳು.

ಆ ಬೇಸಿಗೆಯಲ್ಲಿ ಅಕ್ಕೋರ ತಾಯಿ ಹಾಸಿಗೆ ಹಿಡಿದು, ಅವರು ಧಾರವಾಡಕ್ಕೆ ಹೋದರು. ಬರುವ ವರ್ಷ ಹೋಗೋಣ ಎಂದರು. ಬರುವ ವರ್ಷ ನಮ್ಮ ಸೀಮೆಯಲ್ಲಿ ಗದ್ದಲ ಎದ್ದಿತು. ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಮಗೆ ಬಂದಿರಲಿಲ್ಲ. ರಜಾಕಾರರ ಹೆದರಿಕೆಗೆ ಅಪ್ಪ ಅಂಗಡಿಗೆ ಬೀಗ ಹಾಕಿ ನಮ್ಮನ್ನೆಲ್ಲ ಗಡಿಯಾಚೆ ಗದಗಿಗೆ ಕರೆದುಕೊಂಡು ಹೋದರು. ಅಕ್ಕೋರು ತಮ್ಮೂರಿಗೆ ಹೋದವರು ತಿರುಗಿ ಬರಲಿಲ್ಲ. ನಾವು ಗದಗಿನಲ್ಲಿ ಒಂದು ಕೋಣೆಯಲ್ಲಿ ಒಂದು ವರ್ಷದ ಮೇಲೆ ಇದ್ದೆವು. ಅಲ್ಲಿ ಬೀಸುವ ಕಲ್ಲು ಇರಲಿಲ್ಲ. ಅವ್ವ ಹಾಡಿದ್ದನ್ನು ಆ ದಿನಗಳಲ್ಲಿ ನಾನು ಕೇಳಲಿಲ್ಲ.

ಆಯಿ ತೀರಿಕೊಂಡ ಸುದ್ದಿ ಅಲ್ಲೇ ತಿಳಿಯಿತು. ಸುದ್ದಿ ತಂದವನು ಮಾಮ. ಅವನೂ ಊರು ಬಿಟ್ಟು ಬಂದು ನಮ್ಮನ್ನು ಕೇಳುತ್ತ ಕೇಳುತ್ತ ಬಂದಿದ್ದ. ಅಪ್ಪ ಬಾಗಿಲಲ್ಲಿ ಅವನನ್ನು ನೋಡಿ ಒಂದು ಗಳಿಗೆ ನಿಂತು, "ಒಳಗ ಬಾ" ಎಂದರು. ನನ್ನ ಕಡೆ ತಿರುಗಿ, "ಮಾಮಗ ಕಾಲಿಗೆ ನೀರು ಕೊಡವ್ವ" ಎಂದರು. ಏಳು ವರ್ಷದ ಜಗಳ ಅಷ್ಟರಲ್ಲಿ ಮುಗಿಯಿತು. ಅವ್ವ ಒಳಗೆ ಒಲೆಯ ಮುಂದೆ ಕೂತು ಆಯಿಗಾಗಿ ಅಳುತ್ತಿದ್ದಳು. ಅಣ್ಣ ಬಂದದ್ದಕ್ಕೂ ಅಳುತ್ತಿದ್ದಳೋ ಏನೋ, ಎರಡನ್ನೂ ಬೇರೆ ಮಾಡಲು ನನಗಾಗಲಿಲ್ಲ.

ನಿಜಾಮರ ಆಳಿಕೆ ಮುಗಿದು ಊರಿಗೆ ತಿರುಗಿ ಬಂದ ಮೇಲೆ ಅವ್ವ ಪ್ರತಿ ಪಂಚಮಿಗೂ ತವರಿಗೆ ಹೋದಳು. ಒಂದು ವರ್ಷ ನಾನೂ ಹೋದೆ. ಓಣಿಯ ಹೆಂಗಸರನ್ನು ಕೂರಿಸಿಕೊಂಡು ಆಯಿಯ ಪದ ಕೇಳಿದೆ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ನಮೂನೆ ಬಂತು. ಕಲ್ಲುಗಳ ಪದ ಎಲ್ಲರಿಗೂ ಗೊತ್ತಿತ್ತು, ಆದರೆ ಅವರ ಪದದಲ್ಲಿ ಕಲ್ಲುಗಳು ಇನ್ನೂ ಓ ಎಂದು ನಗುತ್ತಿದ್ದವು. ಎರಡನೆಯದು ಅವತ್ತು ಮುಂಜಾನೆ ಅಲ್ಲಿ ಕೂತಿದ್ದ ನಮಗೆ ಬಿಟ್ಟರೆ ಆ ಊರಲ್ಲಿ ಯಾರಿಗೂ ತಿಳಿಯದು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನ ಮೊಣಕಾಲು ಒತ್ತಿದಳು. ಹೆಂಗಸರ ಕೂಡ ತಾನೂ ಹಳೆಯದನ್ನೇ ಹಾಡಿದಳು.

ಮುಂದಿನ ವರ್ಷ ನನ್ನನ್ನು ಯಲಬುರ್ಗಿಗೆ ಕೊಟ್ಟರು. ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಆ ನೋಟ್‌ಬುಕ್ಕು ಇಟ್ಟುಕೊಂಡು ಹೋದೆ. ಗಂಡನ ಮನೆಯಲ್ಲಿ ಹಿಟ್ಟು ಗಿರಣಿಯಿಂದ ಬರುತ್ತಿತ್ತು. ಅತ್ತೆ ಹೆಚ್ಚು ಮಾತಿನವರಲ್ಲ. ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ ನಾನು ಹಿಂದಿನ ಬಾಗಿಲಲ್ಲಿ ಕೂತು ಅದನ್ನು ಓದುತ್ತಿದ್ದೆ. ಮಾತುಗಳೆಲ್ಲ ಇದ್ದವು. ಅವ್ವನ ದನಿ ಮಾತ್ರ ದಿನದಿನಕ್ಕೆ ದೂರವಾಗುತ್ತಿತ್ತು. ಒಂದು ದಿನ ಅತ್ತೆ ಹಿಂದಿನಿಂದ ಬಂದು, "ಏನು ಓದ್ತೀ ದಿನಾ?" ಎಂದು ಕೇಳಿದರು.

"ಸಾಲ್ಯಾಗ ಬರದದ್ದರಿ" ಎಂದು ಹೆದರುತ್ತ ಹೇಳಿದೆ.

"ಕೇಳೂ ಹಂಗ ಓದು."

ಓದಿದೆ. ಅವರು ಕಂಬಕ್ಕೆ ಒರಗಿ ಕೂತು ಕೇಳಿದರು. ನಾಲ್ಕನೆಯದೋ ಐದನೆಯದೋ ಓದುವಾಗ ಕೈ ಎತ್ತಿ ತಡೆದರು. "ನಮ್ಮ ಹನುಮಸಾಗರದಾಗ ಇದನ್ನ ಹಿಂಗ ಅನ್ನೂದಿಲ್ಲ" ಎಂದು, ಬಹಳ ಸಣ್ಣ ದನಿಯಲ್ಲಿ, ಬಾಗಿಲ ಕಡೆ ಒಮ್ಮೆ ನೋಡಿಕೊಂಡು, ತಮ್ಮ ತವರಿನ ಹಾಗೆ ಹಾಡಿದರು. ನಾನು ಒಳಗೆ ಓಡಿ ಹೋಗಿ ಪೆನ್ಸಿಲು ತಂದೆ.